ಗುಂಡ್ಲುಪೇಟೆಯ ರಕ್ತ, ಬೆಂಗಳೂರಿನ ಯಂತ್ರ

ಎಡ ಪಕ್ಕೆಲುಬಿನ ಕೆಳಗೆ ಭಾರ, ನಾಲ್ಕು ತುತ್ತಿಗೇ ತುಂಬಿಬಿಡುವ ಹೊಟ್ಟೆ, ಬಿಡದ ಸುಸ್ತು. ಗುಂಡ್ಲುಪೇಟೆಯಲ್ಲೇ ರಕ್ತ ಕೊಟ್ಟರೆ, ಮೈಕ್ರೋಲೀಟರಿಗೆ ಹನ್ನೊಂದು ಸಾವಿರ ಮೀರಬಾರದ ಬಿಳಿ ರಕ್ತಕಣ ಲಕ್ಷ ದಾಟಿದೆ ಎಂದು ಗೊತ್ತಾಗಬಹುದು. ಆದರೆ ಅದು ಸಿಎಂಎಲ್ ಎಂಬ ರಕ್ತ ಕ್ಯಾನ್ಸರೇ ಎಂದು ಖಚಿತವಾಗಲು ವಂಶವಾಹಿಯನ್ನೇ ನೋಡಬೇಕು.

ಈ ರೋಗಿಗಳ ಕಣಗಳಲ್ಲಿ ಒಂದು ವರ್ಣತಂತು ಮೋಟಾಗಿರುವುದನ್ನು 1960ರಲ್ಲಿ ಫಿಲಡೆಲ್ಫಿಯಾದ ನೊವೆಲ್ ಮತ್ತು ಹಂಗರ್‌ಫೋರ್ಡ್ ಕಂಡರು. 9 ಮತ್ತು 22ನೇ ವರ್ಣತಂತುಗಳು ತುಂಡಾಗಿ ಅದಲುಬದಲಾಗಿವೆ ಎಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ತುಂಡುಗಳು ಬೆಸೆದ ಜಾಗದಲ್ಲಿ ಹುಟ್ಟುವ ಬಿಸಿಆರ್-ಎಬಿಎಲ್ ವಂಶವಾಹಿಯೇ ಕಣಗಳನ್ನು ಎಡೆಬಿಡದೆ ಹೆಚ್ಚಿಸುತ್ತದೆ. ಇದು ಹೆತ್ತವರಿಂದ ಬಂದದ್ದಲ್ಲ, ಮಕ್ಕಳಿಗೆ ದಾಟುವುದೂ ಇಲ್ಲ. ಮನೆಯವರಿಗೆ ಇದನ್ನು ಮೊದಲು ಹೇಳಬೇಕು.

ಆ ವಂಶವಾಹಿ ಎಷ್ಟಿದೆ ಎಂದು ಅಳೆಯುವುದು ಪಿಸಿಆರ್ ಯಂತ್ರ. ರಕ್ತದಿಂದ ತೆಗೆದ ಆರ್‌ಎನ್‌ಎಯನ್ನು ಮೊದಲು ಡಿಎನ್‌ಎಗೆ ತಿರುಗಿಸುತ್ತಾರೆ. ಆಮೇಲೆ ಯಂತ್ರ ಅದನ್ನು ಕಾಯಿಸುತ್ತದೆ, ತಣಿಸುತ್ತದೆ, ಮತ್ತೆ ಕಾಯಿಸುತ್ತದೆ. ಪ್ರತಿ ಸುತ್ತಿಗೂ ಪ್ರತಿಗಳು ದುಪ್ಪಟ್ಟು. ಮೂವತ್ತು ಸುತ್ತಿಗೆ ಒಂದು ಪ್ರತಿ ನೂರು ಕೋಟಿ ಮೀರುತ್ತದೆ. ಪ್ರತಿಗಳು ಹೆಚ್ಚಿದಂತೆ ಬೆರೆಸಿದ ಬಣ್ಣ ಹೊಳೆಯುತ್ತದೆ. ಎಷ್ಟನೇ ಸುತ್ತಿಗೆ ಹೊಳಪು ಗೆರೆ ದಾಟಿತು ಎಂಬುದೇ ಲೆಕ್ಕ: ಬೇಗ ಹೊಳೆದರೆ ರೋಗ ಹೆಚ್ಚು. ಮೂರು ಸುತ್ತು ಚಿಲ್ಲರೆ ತಡವಾದರೆ ಹತ್ತು ಪಟ್ಟು ಕಡಿಮೆ.

2001ರಲ್ಲಿ ಈ ರೋಗಕ್ಕೆ ಇಮಾಟಿನಿಬ್ ಮಾತ್ರೆ ಬಂದ ಮೇಲೆ ಈ ಅಳತೆಗೆ ನಿಜವಾದ ಬೆಲೆ ಬಂತು. ಬಿಸಿಆರ್-ಎಬಿಎಲ್ ಪ್ರಮಾಣ ಮೂರು ತಿಂಗಳಿಗೆ ಶೇ. 10ಕ್ಕೆ, ವರ್ಷದೊಳಗೆ ಶೇ. 0.1ಕ್ಕೆ ಇಳಿದರೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿದೆ. ಇಳಿದದ್ದು ಮತ್ತೆ ಏರಿದರೆ ರೋಗಿ ಮಾತ್ರೆ ತಪ್ಪಿಸಿರಬಹುದು, ಇಲ್ಲವೇ ವಂಶವಾಹಿಯೇ ಬದಲಾಗಿರಬಹುದು. ಟಿ315ಐ ಎಂಬ ಬದಲಾವಣೆಯ ಮುಂದೆ ಇಮಾಟಿನಿಬ್ ನಡೆಯದು. ಬೇರೆ ಔಷಧ ಬೇಕು. ರೋಗಿ ಗಟ್ಟಿಯಾಗಿ ಓಡಾಡಿಕೊಂಡಿರುವಾಗಲೇ ಈ ಏರಿಕೆ ವರದಿಯಲ್ಲಿ ಕಾಣುತ್ತದೆ.

ಆದ್ದರಿಂದ ಮೊದಮೊದಲು ಮೂರು ತಿಂಗಳಿಗೊಮ್ಮೆ ಪರೀಕ್ಷೆ, ಅದಕ್ಕೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಹೋಗಬೇಕು. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು ಅರವತ್ತು ಕಿಲೋಮೀಟರ್, ಅಲ್ಲಿಂದ ಬೆಂಗಳೂರಿಗೆ ನೂರೈವತ್ತರ ಹತ್ತಿರ. ಬಸ್ಸಿನ ಖರ್ಚು, ಹೋದ ಕೂಲಿ, ಜೊತೆಗೆ ಬಂದವರ ಕೂಲಿ. ರಕ್ತವನ್ನಷ್ಟೇ ಕಳಿಸೋಣವೆಂದರೆ ಆರ್‌ಎನ್‌ಎ ಬೇಗ ಕೆಡುತ್ತದೆ. ತಂಪಾಗಿಟ್ಟು ಒಂದೆರಡು ದಿನದಲ್ಲಿ ತಲುಪಿಸಬೇಕು.

ಕ್ಷಯ ಪತ್ತೆಗೆಂದು ದೇಶದ ಜಿಲ್ಲೆಗಳಿಗೆಲ್ಲ ಕೊಟ್ಟಿರುವ ಜೀನ್‌ಎಕ್ಸ್‌ಪರ್ಟ್ ಎಂಬ ಪಿಸಿಆರ್ ಯಂತ್ರಕ್ಕೆ ಬಿಸಿಆರ್-ಎಬಿಎಲ್ ಅಳೆಯುವ ಕಾರ್ಟ್ರಿಜ್ಜೂ ಇದೆ. ಕೆಲವೇ ಗಂಟೆಗಳಲ್ಲಿ ಉತ್ತರ. ಆ ಕಾರ್ಟ್ರಿಜ್ ತರಿಸಿ, ಸಿಬ್ಬಂದಿಗೆ ತರಬೇತಿ ಕೊಟ್ಟು, ಗುಂಡ್ಲುಪೇಟೆಯ ಜಿಲ್ಲಾ ಕೇಂದ್ರವಾದ ಚಾಮರಾಜನಗರದ ವೈದ್ಯಕೀಯ ಕಾಲೇಜಿನಲ್ಲೇ ಈ ಪರೀಕ್ಷೆ ಆಗುವಂತೆ ಮಾಡಬೇಕು. ವರದಿ ಕಿದ್ವಾಯಿಯ ವೈದ್ಯರಿಗೆ ಫೋನಿನಲ್ಲೇ ಹೋಗಲಿ. ಅಂಕಿ ಏರಿದವರು ಮಾತ್ರ ಬೆಂಗಳೂರಿನ ಬಸ್ಸು ಹತ್ತಲಿ.