ಸೇಂಟ್ ಲ್ಯಾಂಬರ್ಟ್‌ನ ಫ್ರೆಂಚ್ ತರಗತಿ

ಮನೆಮಾತಲ್ಲದ ಭಾಷೆಯೊಂದನ್ನು ದಿನಕ್ಕೊಂದು ಪೀರಿಯಡ್‌ನಂತೆ ಪ್ರತ್ಯೇಕ ವಿಷಯವಾಗಿ ಕಲಿಸದೆ, ಗಣಿತ, ವಿಜ್ಞಾನ, ಸಂಗೀತ, ಆಟಪಾಠಗಳನ್ನೆಲ್ಲ ಆ ಭಾಷೆಯಲ್ಲಿಯೇ ನಡೆಸಿ, ಮಗುವಿಗೆ ಅದು ಬಳಕೆಯಿಂದಲೇ ಒದಗಿಬರುವಂತೆ ಮಾಡುವ ವ್ಯವಸ್ಥೆಗೆ ‘ಇಮ್ಮರ್ಶನ್’ ಶಿಕ್ಷಣ, ಅಂದರೆ ಭಾಷೆಯಲ್ಲಿ ಮುಳುಗಿ ಕಲಿಯುವ ಕ್ರಮ, ಎಂಬ ಹೆಸರಿದೆ. ಕೆನಡಾದಲ್ಲಿ ಇಂದು ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಈ ಕ್ರಮದಲ್ಲಿ ಫ್ರೆಂಚ್ ಕಲಿಯುತ್ತಿದ್ದಾರೆ. ಇದರ ಮೂಲ ಮಾದರಿಯನ್ನು ರೂಪಿಸಿದ್ದು ಸರ್ಕಾರವಲ್ಲ, ವಿಶ್ವವಿದ್ಯಾಲಯವೂ ಅಲ್ಲ. ಮಾಂಟ್ರಿಯಲ್ ನಗರದ ಎದುರಿಗೆ, ಸೇಂಟ್ ಲಾರೆನ್ಸ್ ನದಿಯ ದಕ್ಷಿಣ ದಡದಲ್ಲಿರುವ ಸೇಂಟ್ ಲ್ಯಾಂಬರ್ಟ್ ಎಂಬ ಊರಿನ ಕೆಲವು ತಾಯ್ತಂದೆಯರು.

ಅವರ ಒತ್ತಾಯವನ್ನು ಅರಿಯಬೇಕಾದರೆ 1960ರ ದಶಕದ ಕ್ವಿಬೆಕ್ ಪ್ರಾಂತ್ಯದ ಸ್ಥಿತಿಯನ್ನು ಗಮನಿಸಬೇಕು. ಅಲ್ಲಿನ ಜನರಲ್ಲಿ ಹೆಚ್ಚಿನವರು ಫ್ರೆಂಚ್ ಮಾತನಾಡುವವರಾದರೂ ಬ್ಯಾಂಕು, ಕಾರ್ಖಾನೆ, ದೊಡ್ಡ ವ್ಯಾಪಾರಗಳ ಮೇಲಿನ ಹುದ್ದೆಗಳು ಬಹುಪಾಲು ಇಂಗ್ಲಿಷ್ ಭಾಷಿಕರ ಕೈಯಲ್ಲಿದ್ದವು. 1960ರಲ್ಲಿ ಜಾನ್ ಲೆಸಾಜ್ ನೇತೃತ್ವದ ಸರ್ಕಾರ ಅಧಿಕಾರಕ್ಕೆ ಬಂದ ಮೇಲೆ ಶಿಕ್ಷಣವು ಚರ್ಚಿನ ಹಿಡಿತದಿಂದ ಸಡಿಲವಾಗತೊಡಗಿತು, ವಿದ್ಯುತ್ ಉದ್ಯಮ ಸರ್ಕಾರದ ಪಾಲಾಯಿತು, ಫ್ರೆಂಚ್ ಭಾಷಿಕರು ತಮ್ಮ ನೆಲದಲ್ಲಿ ತಮ್ಮ ಭಾಷೆಗೆ ಸಲ್ಲಬೇಕಾದ ಸ್ಥಾನವನ್ನು ಗಟ್ಟಿಯಾಗಿ ಕೇಳಲಾರಂಭಿಸಿದರು. ಚರಿತ್ರಕಾರರು ‘ಶಾಂತ ಕ್ರಾಂತಿ’ ಎಂದು ಕರೆಯುವ ಈ ಬದಲಾವಣೆಯ ನಡುವೆ, ತಮ್ಮ ಮಕ್ಕಳು ನೆರೆಯವರ ಭಾಷೆ ಬಾರದವರಾಗಿ ಬೆಳೆದರೆ ಮುಂದೆ ಆ ಸಮಾಜದಲ್ಲಿ ಬಾಳುವುದಾದರೂ ಹೇಗೆ ಎಂಬ ಪ್ರಶ್ನೆ ಇಂಗ್ಲಿಷ್ ಕುಟುಂಬಗಳನ್ನು ಕಾಡಿತು.

ಶಾಲೆಗಳ ಅಂದಿನ ರಚನೆಯಿಂದ ಈ ಪ್ರಶ್ನೆಗೆ ಉತ್ತರ ಸಿಗುವಂತಿರಲಿಲ್ಲ. ಕ್ವಿಬೆಕ್‌ನಲ್ಲಿ ಶಾಲಾ ಮಂಡಳಿಗಳು ಭಾಷೆಯನ್ನಲ್ಲ, ಧರ್ಮವನ್ನು ಆಧರಿಸಿದ್ದವು: ಕ್ಯಾಥೊಲಿಕ್ ಮಂಡಳಿಯ ಶಾಲೆಗಳಲ್ಲಿ ಬಹುಮಟ್ಟಿಗೆ ಫ್ರೆಂಚ್, ಪ್ರಾಟೆಸ್ಟೆಂಟ್ ಮಂಡಳಿಯವುಗಳಲ್ಲಿ ಬಹುಮಟ್ಟಿಗೆ ಇಂಗ್ಲಿಷ್. ಈ ವಿಂಗಡಣೆ ಹೋಗಿ ಭಾಷಾವಾರು ಮಂಡಳಿಗಳು ಬಂದದ್ದು 1998ರಲ್ಲಿ. ಫ್ರೆಂಚ್ ಭಾಷಿಕರಲ್ಲಿ ಹೆಚ್ಚಿನವರು ಕ್ಯಾಥೊಲಿಕರಾದುದರಿಂದ ಪ್ರಾಟೆಸ್ಟೆಂಟ್ ಶಾಲೆಗಳಲ್ಲಿ ಅವರು ಶಿಕ್ಷಕರಾಗಿರುವುದು ವಿರಳವಾಗಿತ್ತು. ಹೀಗಾಗಿ ವರ್ಷಗಟ್ಟಲೆ ಫ್ರೆಂಚ್ ವ್ಯಾಕರಣ ಉರುಹೊಡೆದ ವಿದ್ಯಾರ್ಥಿಗೆ ಪಕ್ಕದ ಬೀದಿಯವರೊಡನೆ ನಾಲ್ಕು ಮಾತು ಆಡಲು ಬರುತ್ತಿರಲಿಲ್ಲ.

1963ರಲ್ಲಿ ಒಲ್ಗಾ ಮೆಲಿಕಾಫ್, ಮ್ಯೂರಿಯಲ್ ಪಾರ್ಕ್ಸ್ ಮತ್ತು ವ್ಯಾಲರಿ ನೀಲ್ ಎಂಬ ಮೂವರು ಮಹಿಳೆಯರ ಮುಂದಾಳ್ತನದಲ್ಲಿ ಪೋಷಕರ ಗುಂಪೊಂದು ಸಂಘಟಿತವಾಗಿ, ಶಾಲೆಯಲ್ಲಿ ಮೊದಲ ದಿನದಿಂದಲೇ ಫ್ರೆಂಚ್‌ನಲ್ಲಿ ಪಾಠ ನಡೆಯಬೇಕೆಂದು ಪ್ರಾಟೆಸ್ಟೆಂಟ್ ಮಂಡಳಿಯ ಮುಂದೆ ಬೇಡಿಕೆಯಿಟ್ಟಿತು. ಮಂಡಳಿ ಸುಲಭವಾಗಿ ಒಪ್ಪಲಿಲ್ಲ. ಎಳೆಯ ಮಗುವಿಗೆ ಎರಡು ಭಾಷೆಗಳ ಭಾರ ಹೊರಿಸಿದರೆ ಬುದ್ಧಿ ಗೊಂದಲಗೊಳ್ಳುತ್ತದೆ ಎಂಬ ನಂಬಿಕೆ ಆಗಿನ್ನೂ ಬಲವಾಗಿತ್ತು. ಪೋಷಕರು ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ವಾಲೇಸ್ ಲ್ಯಾಂಬರ್ಟ್ ಅವರನ್ನೂ ಹೆಸರಾಂತ ನರಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ ಅವರನ್ನೂ ಕಂಡು ಸಲಹೆ ಪಡೆದರು. ಲ್ಯಾಂಬರ್ಟ್ ಅವರು ಎಲಿಜಬೆತ್ ಪೀಲ್ ಜೊತೆಗೂಡಿ 1962ರಲ್ಲಿ ಪ್ರಕಟಿಸಿದ ಅಧ್ಯಯನವು, ಮಾಂಟ್ರಿಯಲ್‌ನ ಹತ್ತು ವರ್ಷದ ದ್ವಿಭಾಷಿಕ ಮಕ್ಕಳು ಬುದ್ಧಿಪರೀಕ್ಷೆಗಳಲ್ಲಿ ಏಕಭಾಷಿಕರಿಗಿಂತ ಮುಂದಿದ್ದುದನ್ನು ತೋರಿಸಿ ಆ ಹಳೆಯ ನಂಬಿಕೆಯನ್ನು ಅಲುಗಾಡಿಸಿತ್ತು. ಕೊನೆಗೆ ಮಂಡಳಿಯು ಕೇವಲ ಪ್ರಯೋಗವೆಂದು ಸಮ್ಮತಿಸಿದಾಗ, ಕೆಲವೇ ನಿಮಿಷಗಳಲ್ಲಿ ದಾಖಲಾತಿ ಭರ್ತಿಯಾಗಿ, 1965ರ ಸೆಪ್ಟೆಂಬರ್‌ನಲ್ಲಿ 26 ಮಕ್ಕಳ ಶಿಶುವಿಹಾರ ತರಗತಿ ಆರಂಭವಾಯಿತು.

ಆ ತರಗತಿಯ ನಡವಳಿಕೆಯಲ್ಲಿಯೇ ಈ ಶಿಕ್ಷಣದ ಮೌಲ್ಯವಿದೆ. ಶಿಕ್ಷಕಿ ಆಡುತ್ತಿದ್ದುದು ಫ್ರೆಂಚ್ ಮಾತ್ರ; ಆದರೆ ಮಕ್ಕಳ ಬಾಯಿಗೆ ಬೀಗವಿರಲಿಲ್ಲ. ಮಗುವೊಂದು ನೀರು ಬೇಕೆಂದೋ ಬಣ್ಣದ ಕಡ್ಡಿ ಮುರಿಯಿತೆಂದೋ ಇಂಗ್ಲಿಷ್‌ನಲ್ಲಿ ಹೇಳಿದರೆ ಶಿಕ್ಷಕಿ ಗದರದೆ, ಮಾತನ್ನು ಅರ್ಥಮಾಡಿಕೊಂಡು ಫ್ರೆಂಚ್‌ನಲ್ಲಿ ಉತ್ತರಿಸುತ್ತಿದ್ದಳು, ಮತ್ತು ಕತೆ, ಹಾಡು, ಕೈಗೆಲಸಗಳ ಮೂಲಕ ಕಿವಿಗೆ ಬಿದ್ದದ್ದು ನಿಧಾನವಾಗಿ ನಾಲಗೆಗೆ ಬರುವ ತನಕ ಕಾಯುತ್ತಿದ್ದಳು. ಮನೆಮಾತಾಡಿದ ಮಗುವಿಗೆ ದಂಡ ಹಾಕುವ ಶಾಲೆ ತನ್ನನ್ನು ಇಮ್ಮರ್ಶನ್ ಶಾಲೆಯೆಂದು ಕರೆದುಕೊಂಡರೆ ಅದು ಈ ಪರಂಪರೆಗೆ ಮಾಡಿದ ಅನ್ಯಾಯವೇ ಸರಿ. ಮೊದಲ ತರಗತಿಯಲ್ಲಿ ಓದುಬರಹವೂ ಫ್ರೆಂಚ್‌ನಲ್ಲಿಯೇ ಆರಂಭವಾಗಿ, ಎರಡನೆಯ ತರಗತಿಯಿಂದ ದಿನದ ಸ್ವಲ್ಪ ಹೊತ್ತು ಇಂಗ್ಲಿಷ್ ಪಾಠ ಸೇರಿ, ಪ್ರಾಥಮಿಕ ಹಂತ ಮುಗಿಯುವ ವೇಳೆಗೆ ಎರಡೂ ಭಾಷೆಗಳಿಗೆ ಹೆಚ್ಚುಕಡಿಮೆ ಸಮಪಾಲು ಸಿಗುತ್ತಿತ್ತು.

ಲ್ಯಾಂಬರ್ಟ್ ಮತ್ತು ರಿಚರ್ಡ್ ಟಕ್ಕರ್ ಈ ಮಕ್ಕಳನ್ನು ವರ್ಷ ವರ್ಷವೂ ಪರೀಕ್ಷಿಸಿ, ಇಂಗ್ಲಿಷ್ ಶಾಲೆಯ ಮತ್ತು ಫ್ರೆಂಚ್ ಶಾಲೆಯ ಸಮವಯಸ್ಕರೊಂದಿಗೆ ಹೋಲಿಸಿ, ಫಲಿತಾಂಶಗಳನ್ನು 1972ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆರಂಭದಲ್ಲಿ ಇಂಗ್ಲಿಷ್ ಓದಿನಲ್ಲಿ ಕಂಡ ಹಿನ್ನಡೆ, ಇಂಗ್ಲಿಷ್ ಪಾಠ ಶುರುವಾದ ಮೇಲೆ ಬೇಗನೆ ಮರೆಯಾಗಿತ್ತು; ಫ್ರೆಂಚ್‌ನಲ್ಲಿ ಕಲಿತ ಗಣಿತದಲ್ಲಿ ಈ ಮಕ್ಕಳು ಇತರರಿಗೆ ಸಮನಾಗಿದ್ದರು; ಫ್ರೆಂಚ್ ಅರ್ಥಮಾಡಿಕೊಳ್ಳುವುದರಲ್ಲಿ ಸಾಂಪ್ರದಾಯಿಕ ಪಾಠದ ವಿದ್ಯಾರ್ಥಿಗಳನ್ನು ಬಹಳ ಹಿಂದೆ ಬಿಟ್ಟಿದ್ದರು. 1969ರ ಅಧಿಕೃತ ಭಾಷಾ ಕಾಯಿದೆ ಇಂಗ್ಲಿಷ್ ಮತ್ತು ಫ್ರೆಂಚ್‌ಗಳಿಗೆ ಕೇಂದ್ರಾಡಳಿತದಲ್ಲಿ ಸಮಾನ ಸ್ಥಾನ ಕೊಟ್ಟದ್ದು ಈ ಕ್ರಮಕ್ಕೆ ದೇಶವ್ಯಾಪಿ ಬೇಡಿಕೆ ತಂದಿತು. 1977ರಲ್ಲಿ ಇದಕ್ಕಾಗಿಯೇ ಪೋಷಕರ ರಾಷ್ಟ್ರೀಯ ಸಂಘವೊಂದು ಹುಟ್ಟಿತು. ಅದೇ ವರ್ಷ ಕ್ವಿಬೆಕ್ ತನ್ನ ಭಾಷಾ ಸನ್ನದಿನ ಮೂಲಕ ಫ್ರೆಂಚನ್ನು ಕೆಲಸದ, ಶಿಕ್ಷಣದ, ವಾಣಿಜ್ಯದ ಸಾಮಾನ್ಯ ಭಾಷೆಯನ್ನಾಗಿ ಮಾಡಿತು.

ಮಿತಿಗಳೂ ಚಿಕ್ಕವಲ್ಲ. ಟೊರಾಂಟೊದ ಭಾಷಾವಿಜ್ಞಾನಿ ಮೆರಿಲ್ ಸ್ವೇನ್ 1985ರಲ್ಲಿ ತೋರಿಸಿದಂತೆ, ವರ್ಷಗಳ ಬಳಿಕವೂ ಈ ವಿದ್ಯಾರ್ಥಿಗಳು ಕೇಳಿ ಗ್ರಹಿಸುವಷ್ಟು ಚೆನ್ನಾಗಿ ಮಾತನಾಡಲಾಗಲೀ ಬರೆಯಲಾಗಲೀ ಶಕ್ತರಾಗಿರಲಿಲ್ಲ, ನಾಮಪದಗಳ ಲಿಂಗದಲ್ಲಿ, ಕ್ರಿಯಾರೂಪಗಳಲ್ಲಿ ತಪ್ಪುಗಳು ಉಳಿದಿದ್ದವು. ಕೇಳುವುದಷ್ಟೇ ಸಾಲದು, ತಿದ್ದಿಕೊಳ್ಳುತ್ತ ಆಡುವ ಅವಕಾಶವೂ ಬೇಕೆಂಬ ಸಿದ್ಧಾಂತವನ್ನು ಅವರು ಮಂಡಿಸಿದ್ದು ಈ ಅವಲೋಕನದಿಂದ. ತರಗತಿಯಲ್ಲಿ ಸಿಗುವವರು ಒಬ್ಬ ಶಿಕ್ಷಕಿ ಮತ್ತು ತಮ್ಮಂತೆಯೇ ಕಲಿಯುವ ಗೆಳೆಯರು ಮಾತ್ರವಾದ್ದರಿಂದ, ಅಪರಿಚಿತ ಹಿರಿಯರೊಡನೆ ಆಡಬೇಕಾದ ಗೌರವದ ಬಹುವಚನವೂ ಮಕ್ಕಳಿಗೆ ಸರಿಯಾಗಿ ರೂಢಿಯಾಗುತ್ತಿರಲಿಲ್ಲ. ಇದಕ್ಕಿಂತ ನೋವಿನ ಸಂಗತಿಯೆಂದರೆ, ನೆರೆಹೊರೆಯನ್ನು ಬೆಸೆಯಲೆಂದು ಹುಟ್ಟಿದ ಶಾಲೆಯಲ್ಲಿ ಫ್ರೆಂಚ್ ಮನೆಯ ಮಕ್ಕಳೇ ಇಲ್ಲದಿರುವುದು. ಶಾಲೆಯ ಹೊರಗೆ ಆ ಭಾಷೆಯ ಬಳಕೆ ಇಂದಿಗೂ ಕಡಿಮೆ. ಅನುಕೂಲಸ್ಥ ಕುಟುಂಬಗಳ ಮಕ್ಕಳೇ ಇಲ್ಲಿ ಹೆಚ್ಚಾಗಿ ಸೇರುತ್ತಾರೆ, ಕಲಿಕೆಯಲ್ಲಿ ತೊಡಕಿರುವವರು ನಡುವೆಯೇ ಬಿಟ್ಟುಹೋಗುತ್ತಾರೆ ಎಂಬ ದೂರೂ ಕೆನಡಾದಲ್ಲಿ ನಿಂತಿಲ್ಲ.

ಹೀಗಿದ್ದರೂ ಈ ಪ್ರಯೋಗ ಗೆದ್ದದ್ದಕ್ಕೆ ಒಂದು ಆಳವಾದ ಕಾರಣವಿದೆ. ಆ 26 ಮಕ್ಕಳ ಮನೆಮಾತು ಖಂಡದ ಪ್ರಬಲ ಭಾಷೆಯಾಗಿದ್ದು, ಮನೆ, ಟಿವಿ, ಅಂಗಡಿ, ಉದ್ಯೋಗ ಎಲ್ಲವೂ ಅದಕ್ಕೆ ಕಾವಲಾಗಿದ್ದವು. ಹೊಸ ಭಾಷೆ ಇರುವುದರ ಮೇಲೆ ಸೇರುವ ಇಂಥ ಸ್ಥಿತಿಯನ್ನು ಲ್ಯಾಂಬರ್ಟ್ ‘ಕೂಡುವ ದ್ವಿಭಾಷಿಕತೆ’ ಎಂದೂ, ಬಲಹೀನ ಭಾಷೆಯ ಮಗುವಿನಿಂದ ಅದರ ನುಡಿಯನ್ನು ಕಿತ್ತು ಪ್ರಬಲ ಭಾಷೆಯನ್ನು ತುಂಬುವುದನ್ನು ‘ಕಳೆಯುವ ದ್ವಿಭಾಷಿಕತೆ’ ಎಂದೂ ಬೇರ್ಪಡಿಸಿದರು. ಬೇರೆಡೆ ಬೆಳೆಯುವ ಅವಕಾಶ ಯಾವ ಭಾಷೆಗೆ ಅತಿ ಕಡಿಮೆಯೋ ಅದಕ್ಕೆ ಶಾಲೆಯ ಮೊದಲ ವರ್ಷಗಳಲ್ಲಿ ಆದ್ಯತೆ ಸಿಗಬೇಕೆಂಬುದು ಅವರೂ ಟಕ್ಕರರೂ ತಲುಪಿದ ನಿಲುವು. ಕರ್ನಾಟಕದ ಹಳ್ಳಿಯ ಮಗುವನ್ನು ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವುದಕ್ಕೆ ಕೆನಡಾದ ಈ ಯಶಸ್ಸನ್ನು ಸಮರ್ಥನೆಯಾಗಿ ಬಳಸಲು ಬರುವುದಿಲ್ಲ. ಸೇಂಟ್ ಲ್ಯಾಂಬರ್ಟ್‌ನ ಪಾಠವನ್ನು ಸರಿಯಾಗಿ ಓದಿದರೆ ಅದು ಆ ಮಗುವಿನ ಕನ್ನಡದ ಪರವಾಗಿಯೇ ಸಾಕ್ಷಿ ಹೇಳುತ್ತದೆ.