ಕುದುರೆಗೆ ಸೂಜಿಯ ಭಯ

ಕುಣಿಗಲ್ ಎಂದೊಡನೆ ನಮ್ಮ ತುಮಕೂರು ಸೀಮೆಯವರಿಗೆ ನೆನಪಾಗುವುದು ಎರಡು: ಅಲ್ಲಿಯ ಕೆರೆ, ಅಲ್ಲಿಯ ಕುದುರೆ. ಟಿಪ್ಪುಸುಲ್ತಾನನ ದಂಡಿಗೆ ಕುದುರೆಗಳನ್ನು ಒದಗಿಸಿದ ಆ ನೆಲ ಮುಂದೆ ಪಂದ್ಯದ ಕುದುರೆಗಳ ತವರಾಯಿತು. ಅಂಥ ಕುದುರೆಯೊಂದರ ತೂಕ ಸುಮಾರು 450ರಿಂದ 500 ಕಿಲೋ. ರಣಭೇರಿಗೆ ಅಳುಕದ ಈ ಪ್ರಾಣಿ ಬೆರಳುದ್ದದ ಸೂಜಿಯನ್ನು ಕಂಡು ಬೆದರಿ, ಹಿಂಗಾಲ ಮೇಲೆ ಎದ್ದುನಿಲ್ಲುವುದುಂಟು. ಇದೇಕೆ?

ಕನ್ನಡದ ಮೇಷ್ಟ್ರಿಗೆ ಕುದುರೆಯ ಚಿಂತೆ ಯಾಕೆ ಎಂದು ತಾವು ಕೇಳಬಹುದು. ಪಾಂಡವರಲ್ಲಿ ನಕುಲನು ವಿರಾಟನ ಲಾಯದಲ್ಲಿ ಅಶ್ವಪಾಲಕನಾಗಿ ನಿಂತ ಕಥೆಯನ್ನು ತರಗತಿಯಲ್ಲಿ ಹಲವು ವರ್ಷ ಹೇಳಿದವನು ನಾನು. ಕುದುರೆಯ ಮನಸ್ಸನ್ನು ಅರಿಯುವುದು ರಾಜಕುಮಾರನಿಗೂ ತಕ್ಕ ವಿದ್ಯೆಯೆಂದು ನಮ್ಮ ಹಿರಿಯರು ಬಗೆದಿದ್ದರು.

ಕುದುರೆ ಹುಲ್ಲು ಮೇಯುವ ಜೀವಿ. ಹಿಂಸ್ರಪಶುಗಳಿಗೆ ಆಹಾರವಾಗುತ್ತಿದ್ದ ಕುಲ. ಓಟವೇ ಅದರ ರಕ್ಷಣೆ. ನೊಣ ಕುಳಿತರೂ ಅದುರುವಷ್ಟು ಸೂಕ್ಷ್ಮ ಅದರ ಚರ್ಮ. ಒಮ್ಮೆ ನೋವುಂಡ ಜಾಗ, ಸ್ಪಿರಿಟ್ಟಿನ ವಾಸನೆ, ವೈದ್ಯರ ಉಡುಪು ಎಲ್ಲವೂ ಅದರ ನೆನಪಿನಲ್ಲಿ ಒಂದಾಗಿ ಹೆಣೆದುಕೊಳ್ಳುತ್ತವೆ. ಜನ ಇದನ್ನು ಮೊಂಡುತನವೆಂದು ಕರೆದು, ತುಟಿಗೆ ಹಗ್ಗದ ಉರುಳು ಬಿಗಿದು, ನಾಲ್ವರು ಸೇರಿ ಹಿಡಿಯುತ್ತಾರೆ. ಆ ದಿನದ ಕೆಲಸ ಆಗುತ್ತದೆ. ಮುಂದಿನ ಸಲದ ಭಯವೂ ಅಂದೇ ಬೆಳೆಯುತ್ತದೆ. ಸೂಜಿಯನ್ನು ತಪ್ಪಿಸುವಂತೆಯೂ ಇಲ್ಲ. ಧನುರ್ವಾಯು ಕುದುರೆಗೆ ಬಲುಬೇಗ ತಗಲುವ ರೋಗ. ಅದಕ್ಕೆ ಲಸಿಕೆಯೇ ಕಾವಲು.

ಹಾಗಾದರೆ ಮಾಡಬೇಕಾದುದೇನು? ಮದ್ದಿನ ಅಗತ್ಯವಿಲ್ಲದ ದಿನಗಳಲ್ಲಿಯೇ ಪಾಠ ಆರಂಭವಾಗಬೇಕು. ಮೊದಲು ಹೆಗಲಿನ ಮೇಲ್ಭಾಗವನ್ನು ಕೆರೆಯುವುದು. ಅಲ್ಲಿ ಕೆರೆದಾಗ ಕುದುರೆಯ ಎದೆಬಡಿತ ಇಳಿಯುವುದೆಂದು 1993ರಲ್ಲಿ ಪ್ರಕಟವಾದ ಫ್ರೆಂಚ್ ಅಧ್ಯಯನವೊಂದು ತೋರಿಸಿದೆ. ಆಮೇಲೆ ಕುತ್ತಿಗೆಯ ಮೇಲೆ ಕೈಯಿಡುವುದು, ಚರ್ಮವನ್ನು ಮೆಲ್ಲನೆ ಚಿವುಟುವುದು, ಸ್ಪಿರಿಟ್ ಹತ್ತಿ ಸವರುವುದು, ಸೂಜಿಯಿಲ್ಲದ ಸಿರಿಂಜನ್ನು ಒತ್ತುವುದು. ಪ್ರತಿ ಹೆಜ್ಜೆಯಲ್ಲಿ ಅದು ಸುಮ್ಮನೆ ನಿಂತ ಕ್ಷಣದಲ್ಲೇ ಒಂದು ಹಿಡಿ ನೆನೆಸಿದ ಹುರುಳಿ. ತಡವಾಗಿ ಕೊಟ್ಟರೆ ಯಾವುದಕ್ಕೆ ಕೊಟ್ಟರೆಂಬುದು ಅದಕ್ಕೆ ತಿಳಿಯದು. ಅದು ಸರಿದಾಡಿದಾಗ ಕೈಯನ್ನು ತಟಕ್ಕನೆ ತೆಗೆದರೆ, ಸರಿದಾಡಿದರೆ ಕೈ ಹೋಗುತ್ತದೆಂಬ ಪಾಠವನ್ನೇ ಅದು ಕಲಿಯುತ್ತದೆ. ಕೈ ಹಗುರವಾಗಿ ಅಲ್ಲೇ ಇರಲಿ. ನಿಂತ ಮೇಲೆ ತೆಗೆಯಿರಿ. ಹೆದರಿಕೆ ಕಂಡರೆ ಒಂದು ಹೆಜ್ಜೆ ಹಿಂದೆ ಹೋಗಿರಿ. ದಿನಕ್ಕೆ ಕೆಲವೇ ನಿಮಿಷ ಸಾಕು. ಒದೆಯುವ ಕುದುರೆಯ ಬಳಿ ಮಾತ್ರ ಪಶುವೈದ್ಯರಿಲ್ಲದೆ ಸಾಹಸ ಬೇಡ.

ಅಭ್ಯಾಸದ ಬಲಕ್ಕೆ ದೂರದ ನಿದರ್ಶನ ಬೇಕಿಲ್ಲ. ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬರುತ್ತಿದ್ದುವು. ದೀಪಗಳ ಝಳ, ವಾದ್ಯಗಳ ಅಬ್ಬರ, ಸಾವಿರಾರು ಕಣ್ಣುಗಳ ನಡುವೆ ಪ್ರಾಣಿ ನಿಲ್ಲಬೇಕಾದರೆ ಅದರ ಹಿಂದೆ ಯಾರದೋ ತಾಳ್ಮೆ ಇದ್ದಿರಲೇಬೇಕು.

ಈ ತಾಳ್ಮೆ ಕುದುರೆಗೆ ನಾವು ತೋರುವ ಕರುಣೆ ಮಾತ್ರವೇ? ಗುಬ್ಬಿಯ ತೋಟದಲ್ಲಿ ರೈತನಿಗೆ ನಾಗರವೋ ಕೊಳಕುಮಂಡಲವೋ ಕಚ್ಚಿದರೆ ಆಸ್ಪತ್ರೆಯಲ್ಲಿ ಅವನನ್ನು ಉಳಿಸುವ ಮದ್ದು ಕುದುರೆಯ ರಕ್ತದಿಂದ ಬಂದದ್ದು. ಹಾವಿನ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಸೂಜಿಯಿಂದ ಸೇರಿಸಿ, ಕ್ರಮೇಣ ಏರಿಸುತ್ತ ಹೋದಂತೆ ಅದರ ಮೈ ವಿಷವನ್ನು ಎದುರಿಸಲು ಕಲಿಯುತ್ತದೆ. ಆ ಕಲಿಕೆಯ ಫಲವೇ ನಮ್ಮ ಔಷಧ. ಇಷ್ಟಿಷ್ಟೇ ಕೊಟ್ಟರೆ ವಿಷವನ್ನೇ ತಾಳಬಲ್ಲ ಜೀವಕ್ಕೆ ಇಷ್ಟಿಷ್ಟೇ ಕಲಿಸಿದರೆ ಸೂಜಿಯನ್ನು ತಾಳುವುದು ಅಸಾಧ್ಯವೇನಲ್ಲ. ನಾವು ಕೊಡಬೇಕಾದುದು ಹಿಡಿ ಹುರುಳಿ, ಒಂದಿಷ್ಟು ಹೊತ್ತು.