ನೀರು ಹರಿದ ಹಾದಿಯೇ ಬೀದಿ

ಚೀನದ ನೈಋತ್ಯ ಭಾಗದಲ್ಲಿ, ಟಿಬೆಟ್ ಪ್ರಸ್ಥಭೂಮಿ ಇಳಿಯುತ್ತ ಬಂದು ಯುನ್ನಾನ್ ಪ್ರಾಂತ್ಯವನ್ನು ಸೇರುವೆಡೆ, ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿ ಲಿಜಿಯಾಂಗ್ ಎಂಬ ಹಳೆಯ ಪಟ್ಟಣವಿದೆ. ಉತ್ತರದಲ್ಲಿ 5,596 ಮೀಟರ್ ಎತ್ತರದ ಜೇಡ್ ಡ್ರ್ಯಾಗನ್ ಹಿಮಪರ್ವತ ನಿಂತಿದೆ. ಚೀನದ ಹಳೆಯ ಪಟ್ಟಣಗಳೆಂದರೆ ಸುತ್ತ ಕೋಟೆಗೋಡೆ, ಒಳಗೆ ನೂಲು ಹಿಡಿದಂತೆ ನೇರವಾದ ಬೀದಿಗಳು ಎಂಬುದು ವಾಡಿಕೆ. ಲಿಜಿಯಾಂಗಿನಲ್ಲಿ ಇವೆರಡೂ ಇಲ್ಲ. ಇಲ್ಲಿನ ಬೀದಿಗಳಿಗೆ ದಾರಿ ತೋರಿಸಿದ್ದು ನೀರು.

ಪಟ್ಟಣದ ಉತ್ತರದಲ್ಲಿ ಕಪ್ಪು ಡ್ರ್ಯಾಗನ್ ಕೊಳವಿದೆ. ಅಲ್ಲಿ ಉಕ್ಕುವ ಬುಗ್ಗೆಯ ನೀರು ಊರ ಬಾಗಿಲಿಗೆ ಬಂದು ಪಶ್ಚಿಮ, ಮಧ್ಯ, ಪೂರ್ವ ಎಂಬ ಮೂರು ಹೊಳೆಗಳಾಗಿ ಒಡೆಯುತ್ತದೆ. ಮುಂದೆ ಅವು ಸಣ್ಣ ಸಣ್ಣ ಕಾಲುವೆಗಳಾಗಿ ಕವಲೊಡೆದು ಬೀದಿಯ ಪಕ್ಕದಲ್ಲಿ, ಮನೆಗಳ ಹಿತ್ತಿಲಲ್ಲಿ, ಕೆಲವೆಡೆ ಮನೆಯ ತಳದಲ್ಲಿಯೇ ಹರಿಯುತ್ತವೆ. ಇವುಗಳ ಮೇಲೆ ಕಲ್ಲಿನ ಕಮಾನಿನಿಂದ ಹಿಡಿದು ಬರೀ ಹಲಗೆಯವರೆಗೆ ಮುನ್ನೂರಕ್ಕೂ ಹೆಚ್ಚು ಸೇತುವೆಗಳಿವೆ. ಬೀದಿಗಳು ನೀರಿನ ಜೊತೆಗೆ ಬಳುಕುವುದರಿಂದ ಹೊಸಬರಿಗೆ ದಿಕ್ಕು ತಪ್ಪುವುದು ಸಹಜ. ಅಂಥವರಿಗೆ ಊರಿನವರು ಹೇಳುವ ಉಪಾಯ ಸುಲಭ: ನೀರಿಗೆ ಎದುರಾಗಿ ನಡೆದರೆ ಊರಿನ ಹೊರಬಾಗಿಲು, ನೀರಿನ ಜೊತೆ ನಡೆದರೆ ಊರಿನ ಒಳಗು.

ಈ ಊರನ್ನು ಕಟ್ಟಿದವರು ನಾಶಿ ಜನ. ಟಿಬೆಟೋ-ಬರ್ಮನ್ ವರ್ಗಕ್ಕೆ ಸೇರಿದ ಭಾಷೆಯನ್ನಾಡುವ ಇವರ ಸಂಖ್ಯೆ ಇಂದಿಗೂ ಸುಮಾರು ಮೂರು ಲಕ್ಷವನ್ನು ಸ್ವಲ್ಪ ಮೀರಿದೆ, ಅಷ್ಟೇ. 1253ರಲ್ಲಿ ಕುಬ್ಲಾಯ್ ಖಾನನ ಸೇನೆ ಈ ದಾರಿಯಾಗಿ ಬಂದಾಗ ಇಲ್ಲಿನ ನಾಯಕರು ಕಾದಾಡದೆ ಶರಣಾಗಿ ತಮ್ಮ ಆಡಳಿತವನ್ನು ಉಳಿಸಿಕೊಂಡರು. 1382ರಲ್ಲಿ ಮಿಂಗ್ ಚಕ್ರವರ್ತಿ ಇವರಿಗೆ ‘ಮು’ ಎಂಬ ಮನೆತನದ ಹೆಸರನ್ನು ಕೊಟ್ಟ. 1723ರವರೆಗೆ ಈ ಮನೆತನವೇ ಲಿಜಿಯಾಂಗನ್ನು ಆಳಿತು. ಊರಿಗೆ ಕೋಟೆ ಏಕಿಲ್ಲ ಎಂಬುದಕ್ಕೆ ಜನ ಹೇಳುವ ಕಥೆ ಸ್ವಾರಸ್ಯವಾಗಿದೆ. ಚೀನೀ ಲಿಪಿಯಲ್ಲಿ ‘ಮು’ ಎಂದರೆ ಮರ. ಆ ಅಕ್ಷರದ ಸುತ್ತ ಚೌಕಟ್ಟು ಎಳೆದರೆ ಸಂಕಟ ಎಂಬ ಅರ್ಥದ ಬೇರೊಂದು ಅಕ್ಷರವಾಗುತ್ತದೆ. ಗೋಡೆ ಕಟ್ಟಿಕೊಂಡು ಸಂಕಟದಲ್ಲಿ ಸಿಕ್ಕಿಬೀಳಲು ಮು ದೊರೆಗಳು ಒಪ್ಪಲಿಲ್ಲವಂತೆ.

ಕಥೆ ಏನೇ ಇರಲಿ, ಇದು ಬಾಗಿಲು ಮುಚ್ಚಿ ಕೂರುವ ಊರಾಗಿರಲಿಲ್ಲ. ಯುನ್ನಾನಿನ ಚಹಾ ಹೇರಿಕೊಂಡು ಟಿಬೆಟ್ಟಿಗೆ ಹೋಗುವ ಕುದುರೆ, ಹೇಸರಗತ್ತೆಗಳ ಸಾಲು ಇಲ್ಲಿ ತಂಗುತ್ತಿತ್ತು. 1942ರಲ್ಲಿ ಜಪಾನೀಯರು ಬರ್ಮಾ ರಸ್ತೆಯನ್ನು ಕಡಿದಾಗ ಈ ಹಳೆಯ ದಾರಿಗೆ ಮತ್ತೆ ಜೀವ ಬಂತು. ಭಾರತದ ಕಾಲಿಂಪಾಂಗ್‌ನಿಂದ ಹೊರಟ ಸರಕು ಲ್ಹಾಸಾ ದಾಟಿ ಲಿಜಿಯಾಂಗಿನ ಸಂತೆಯನ್ನು ತಲುಪುತ್ತಿತ್ತು. ಆ ದಿನಗಳಲ್ಲಿ ಇಲ್ಲಿದ್ದ ರಷ್ಯಾ ಮೂಲದ ಪೀಟರ್ ಗುಲಾರ್ಟ್, ತನ್ನ ‘ಫರ್ಗಾಟನ್ ಕಿಂಗ್‌ಡಮ್’ ಎಂಬ ಪುಸ್ತಕದಲ್ಲಿ ಅಂಗಡಿ, ವ್ಯಾಪಾರಗಳನ್ನೆಲ್ಲ ನಾಶಿ ಹೆಂಗಸರೇ ನಡೆಸುತ್ತಿದ್ದುದನ್ನು ವಿವರಿಸಿದ್ದಾನೆ.

ಊರ ನಡುವಿನ ಸಂತೆಯ ಚೌಕ ಸಿಫಾಂಗ್. ಸಂತೆ ಮುಗಿದ ಮೇಲೆ ಪಕ್ಕದ ಪಶ್ಚಿಮ ಹೊಳೆಯ ತೂಬನ್ನು ಮುಚ್ಚಿದರೆ ನೀರು ಉಕ್ಕಿ ಕಲ್ಲುಹಾಸಿನ ಮೇಲೆ ಹರಿದು ಚೌಕವನ್ನೆಲ್ಲ ತೊಳೆದುಬಿಡುತ್ತಿತ್ತು. ಕುಡಿಯುವ ನೀರಿಗೂ ಹೀಗೆಯೇ ಒಂದು ಕ್ರಮವಿತ್ತು. ಊರಿನಲ್ಲಿ ‘ಮೂರು ಕಣ್ಣಿನ ಬಾವಿ’ಗಳಿವೆ. ಬುಗ್ಗೆಯ ನೀರು ಒಂದರ ಕೆಳಗೊಂದಿರುವ ಮೂರು ತೊಟ್ಟಿಗಳನ್ನು ತುಂಬಿಕೊಂಡು ಹರಿಯುತ್ತದೆ. ಮೊದಲನೆಯದು ಕುಡಿಯಲು, ಎರಡನೆಯದು ಸೊಪ್ಪು ತರಕಾರಿ ತೊಳೆಯಲು, ಮೂರನೆಯದು ಬಟ್ಟೆಗೆ. ಬೆಳಗಿನ ಹೊತ್ತು ಊರಿನವರು ಕಾಲುವೆಯಿಂದ ನೀರು ತುಂಬಿಕೊಳ್ಳುವವರೆಗೆ ಯಾರೂ ಅದರಲ್ಲಿ ಬಟ್ಟೆ ಒಗೆಯುವಂತಿರಲಿಲ್ಲ. ಮೇಲಿನವನು ಕೊಳಕು ಮಾಡಿದರೆ ಕೆಳಗಿನವನು ಕುಡಿಯುವಂತಿಲ್ಲ. ಕಟ್ಟಳೆಯ ತಿರುಳು ಇಷ್ಟೇ.

ಈ ಕಟ್ಟಳೆಯ ಹಿಂದೆ ಒಂದು ನಂಬಿಕೆಯೂ ಇದೆ. ನಾಶಿ ಪುರೋಹಿತರಿಗೆ ದೊಂಗ್ಬಾ ಎಂದು ಹೆಸರು. ಅವರು ಬಳಸುವುದು ಚಿತ್ರಲಿಪಿ. ಅದರಲ್ಲಿ ಬರೆದ ಪುರಾತನ ಹಸ್ತಪ್ರತಿಗಳನ್ನು ಯುನೆಸ್ಕೋ 2003ರಲ್ಲಿ ‘ಜಗತ್ತಿನ ಸ್ಮೃತಿ’ ಪಟ್ಟಿಗೆ ಸೇರಿಸಿತು. ಮನುಷ್ಯ ಮತ್ತು ಶು ಒಂದೇ ತಂದೆಯ, ಬೇರೆ ಬೇರೆ ತಾಯಂದಿರ ಮಕ್ಕಳು ಎನ್ನುತ್ತದೆ ದೊಂಗ್ಬಾ ಪುರಾಣ. ಆಸ್ತಿ ಪಾಲಾದಾಗ ಹೊಲ ಮತ್ತು ದನಕರು ಮನುಷ್ಯನಿಗೆ ಬಂದವು. ಕಾಡು, ಮೃಗ, ನೀರು ಶುವಿನ ಪಾಲಾದವು. ಮನುಷ್ಯ ಆಸೆಬುರುಕನಾಗಿ ಅಣ್ಣತಮ್ಮನ ಪಾಲಿಗೆ ಕೈಹಾಕಿದಾಗ ರೋಗ, ಪ್ರವಾಹಗಳು ಬಂದವು. ಆಮೇಲೆ ರಾಜಿಯಾಯಿತು. ಬುಗ್ಗೆಯ ಬಳಿ ಶುವಿಗೆ ಪೂಜೆ ಸಲ್ಲಿಸುವುದೆಂದರೆ ಆ ರಾಜಿಯನ್ನು ನೆನೆಯುವುದು.

1996ರ ಫೆಬ್ರವರಿ 3ರಂದು ಭೀಕರ ಭೂಕಂಪವಾಗಿ ಈ ಪ್ರದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಮೊಳೆಯಿಲ್ಲದೆ ಮರಕ್ಕೆ ಮರ ಸಿಕ್ಕಿಸಿ ಕಟ್ಟಿದ ಹಳೆಯ ಮನೆಗಳಲ್ಲಿ ಅನೇಕ ಕಡೆ ಮಣ್ಣಿನ ಗೋಡೆಗಳು ಕುಸಿದವು, ಚೌಕಟ್ಟು ನಿಂತಿತು. ‘ಗೋಡೆ ಬಿದ್ದರೂ ಮನೆ ಬೀಳದು’ ಎಂಬ ಮಾತು ನಿಜವಾಯಿತು. ಪುನರ್ನಿರ್ಮಾಣದಲ್ಲಿ ಹಳೆಯ ಪದ್ಧತಿಗೇ ಮನ್ನಣೆ ಸಿಕ್ಕಿತು. 1997ರ ಡಿಸೆಂಬರಿನಲ್ಲಿ ಲಿಜಿಯಾಂಗ್, ಹತ್ತಿರದ ಬೈಶಾ ಮತ್ತು ಶುಹೆ ಊರುಗಳೊಡನೆ, ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಭೂಕಂಪ ಮಾಡದ ಕೆಲಸವನ್ನು ಆಮೇಲೆ ಬಂದ ಹೆಸರು ಮಾಡಿತು. ಪ್ರವಾಸಿಗರ ಸಂಖ್ಯೆ ವರ್ಷಕ್ಕೆ ಕೋಟಿಯ ಲೆಕ್ಕ ಮುಟ್ಟಿತು. ಮನೆಗಳು ವಸತಿಗೃಹ, ಮದ್ಯದಂಗಡಿ, ಉಡುಗೊರೆ ಮಳಿಗೆಗಳಾದವು. ಒಳ್ಳೆಯ ಬಾಡಿಗೆ ಸಿಗುವಾಗ ಇಕ್ಕಟ್ಟಿನ ಹಳೆಯ ಮನೆಯನ್ನು ಬಿಟ್ಟು ನಲ್ಲಿ, ಶೌಚಾಲಯಗಳ ಅನುಕೂಲವಿರುವ ಹೊಸ ಊರಿಗೆ ಹೋದ ನಾಶಿ ಕುಟುಂಬಗಳನ್ನು ದೂರುವಂತಿಲ್ಲ. ದೊಂಗ್ಬಾ ಚಿತ್ರಲಿಪಿ ಈಗ ಅಂಗಡಿಗಳ ಫಲಕಗಳ ಮೇಲೆ ಕಾಣುತ್ತದೆ. ಅದನ್ನು ಓದಬಲ್ಲ ಪುರೋಹಿತರು ಬೆರಳೆಣಿಕೆಯಷ್ಟು. ಕಳೆದ ದಶಕದ ಬರದಲ್ಲಿ ಕಪ್ಪು ಡ್ರ್ಯಾಗನ್ ಕೊಳವೂ ಬತ್ತಿ ತಳ ಕಾಣಿಸಿತು.

ಲಿಜಿಯಾಂಗಿಗೆ ಹೋಗುವವರು ಅಂಗಡಿಗಳು ತೆರೆಯುವ ಮುನ್ನ, ಮುಂಜಾನೆ ನಡೆದು ನೋಡಬೇಕು. ಆಗ ಕಲ್ಲುಹಾಸಿನ ಮೇಲೆ ಸದ್ದಿರುವುದಿಲ್ಲ, ಕಾಲುವೆಯ ಸಪ್ಪಳ ಮಾತ್ರ ಕೇಳುತ್ತದೆ. ಬೈಶಾದಲ್ಲಿ ಬೌದ್ಧ, ತಾವೋ, ಟಿಬೆಟನ್ ಶೈಲಿಗಳು ಬೆರೆತ ಮಿಂಗ್ ಕಾಲದ ಭಿತ್ತಿಚಿತ್ರಗಳನ್ನು ನೋಡಬಹುದು. ಮೂರು ಕಣ್ಣಿನ ಬಾವಿಯ ಬಳಿಯೂ ಒಂದು ಗಳಿಗೆ ನಿಲ್ಲಬೇಕು. ಮರವನ್ನೂ ಕಲ್ಲನ್ನೂ ಮತ್ತೆ ಜೋಡಿಸಬಹುದು ಎಂಬುದನ್ನು ಈ ಊರು ಭೂಕಂಪದ ನಂತರ ತೋರಿಸಿಕೊಟ್ಟಿದೆ. ಮೊದಲ ತೊಟ್ಟಿಯಲ್ಲಿ ಕೈ ತೊಳೆಯಬಾರದೆಂದು ಮಕ್ಕಳಿಗೆ ಹೇಳುವ ಅಜ್ಜಿ ಮಾತ್ರ ಪಕ್ಕದ ಮನೆಯಲ್ಲೇ ಇರಬೇಕು.